ಎಲ್ಲರ ಮೃಗ, ಕೆಲವರ ನೆಲ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಾಡುಪ್ರಾಣಿ ಯಾರ ಜಮೀನಿನಲ್ಲಿ ಮೇಯುತ್ತಿದ್ದರೂ ಅದು ಆ ಜಮೀನಿನ ಮಾಲೀಕನ ಸ್ವತ್ತಾಗುವುದಿಲ್ಲ. ಆಯಾ ರಾಜ್ಯ ಸರ್ಕಾರ ಅದನ್ನು ಜನರೆಲ್ಲರ ಪರವಾಗಿ ನೋಡಿಕೊಳ್ಳುತ್ತದೆ. ಯಾವ ಪ್ರಾಣಿಯನ್ನು ಯಾವ ತಿಂಗಳಲ್ಲಿ ಎಷ್ಟು ಹೊಡೆಯಬಹುದೆಂದು ಗೊತ್ತುಮಾಡುವುದೂ ಶುಲ್ಕ ಪಡೆದು ಲೈಸೆನ್ಸ್ ಕೊಡುವುದೂ ಸರ್ಕಾರವೇ. ಹವ್ಯಾಸಕ್ಕಾಗಿ ಬೇಟೆಗೆ ಹೋಗುವ ಕೋಟಿಗೂ ಮಿಕ್ಕಿದ ಜನ ಅಲ್ಲಿದ್ದಾರೆ. ಅವರು ಕೊಳ್ಳುವ ಬಂದೂಕು, ಮದ್ದುಗುಂಡುಗಳ ಮೇಲೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಮೀಸಲಿಟ್ಟ ಸುಂಕದಿಂದಲೇ ವನ್ಯಜೀವಿ ಇಲಾಖೆಗಳ ಖರ್ಚಿನ ದೊಡ್ಡ ಪಾಲು ನಡೆಯುತ್ತದೆ. ಆದರೂ ಲೈಸೆನ್ಸ್ ಕೈಗೆ ಬಂದ ಮಾತ್ರಕ್ಕೆ ನೆಲದ ಮೇಲೆ ಕಾಲಿಡುವ ಹಕ್ಕು ಬರುವುದಿಲ್ಲ. ಪ್ರಾಣಿ ಎಲ್ಲರದು, ಅದು ನಿಂತ ನೆಲ ಕೆಲವರದು.

ಈ ತೊಡಕಿನೊಳಗೆ ಎರಡು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿವೆ. ಖಾಸಗಿ ಜಮೀನಿನೊಳಗೆ ಬೇಟೆಗಾರ ಬರಬಹುದೇ ಎಂಬುದು ಒಂದು. ಖಾಸಗಿ ಜಮೀನಿನ ಹಿಂದೆ ಸಿಕ್ಕಿಕೊಂಡಿರುವ ಸರ್ಕಾರಿ ಜಮೀನಿಗೆ ಅವನು ತಲುಪಬಹುದೇ ಎಂಬುದು ಇನ್ನೊಂದು. ವಾದಕ್ಕೆ ನಿಂತವರು ತಮ್ಮ ಅನುಕೂಲಕ್ಕೆ ತಕ್ಕಂತೆ ಎರಡನ್ನೂ ಬೆರೆಸಿಬಿಡುತ್ತಾರೆ. ಮೊದಲನೆಯದರ ಬಗ್ಗೆ ಮಾಲೀಕನಿಗಿರುವ ನ್ಯಾಯವನ್ನು ಎರಡನೆಯದಕ್ಕೂ ಎಳೆದುಕೊಳ್ಳುವುದು ಒಂದು ಕಡೆಯವರ ರೂಢಿ. ಎರಡನೆಯದರಲ್ಲಿ ತಮಗಿರುವ ನ್ಯಾಯವನ್ನು ತೋರಿಸಿ ಊರವರ ಹೊಲಗದ್ದೆಗೆಲ್ಲ ದಾರಿ ಕೇಳುವುದು ಇನ್ನೊಂದು ಕಡೆಯವರದು. ಬಿಡಿಸಿ ನೋಡಿದರೆ, ಮೊದಲನೆಯದರಲ್ಲಿ ಮಾಲೀಕನ ಮಾತೇ ಕಡೆಯ ಮಾತಾಗಬೇಕು. ಎರಡನೆಯದರಲ್ಲಿ ತಡೆಯುವ ಅಧಿಕಾರ ಅವನಿಗೆ ಸಲ್ಲದು.

ಪ್ರಾಣಿಯನ್ನೂ ನೆಲವನ್ನೂ ಬೇರೆ ಮಾಡಿ ನೋಡಿದವರಲ್ಲಿ ರೋಮನ್ನರು ಹಳಬರು. ಜಸ್ಟಿನಿಯನ್ ಚಕ್ರವರ್ತಿಯ ಕಾಲದಲ್ಲಿ, 533ರಲ್ಲಿ ಸಿದ್ಧವಾದ ಕಾನೂನು ಪಠ್ಯದ ಪ್ರಕಾರ ಕಾಡುಪ್ರಾಣಿಗೆ ಒಡೆಯನಿಲ್ಲ, ಹಿಡಿದವನೇ ಒಡೆಯ. ಬೇರೆಯವನ ಜಮೀನಿನಲ್ಲಿ ಹಿಡಿದರೂ ಪ್ರಾಣಿ ಹಿಡಿದವನದೇ. ಹಾಗೆಂದು ಜಮೀನಿನ ಒಡೆಯ ಕೈಕಟ್ಟಿ ಕೂರಬೇಕಿಲ್ಲ, ಒಳಗೆ ಬರಬೇಡವೆಂದು ತಡೆಯಬಹುದು. ಅಂದರೆ ಪ್ರವೇಶದ ತಪ್ಪು ಬೇರೆ, ಬೇಟೆಯ ಫಲ ಬೇರೆ. ಇವತ್ತಿನ ಎಲ್ಲ ವ್ಯಾಜ್ಯಗಳ ಬೀಜ ಈ ಪುಟ್ಟ ನಿಯಮದಲ್ಲೇ ಇದೆ.

ಮುಂದೆ ಯುರೋಪಿನಲ್ಲಿ ಈ ಬೇರ್ಪಡಿಕೆ ಅಳಿಸಿಹೋಯಿತು. ಇಂಗ್ಲೆಂಡಿನಲ್ಲಿ ನಾರ್ಮನ್ ದೊರೆಗಳು ದೊಡ್ಡ ದೊಡ್ಡ ಸೀಮೆಗಳನ್ನು ಅರಸನ ಬೇಟೆಗೆ ಮೀಸಲಿಟ್ಟರು. 1217ರ ಅರಣ್ಯ ಸನ್ನದು ಅದರ ಬಿಗಿಯನ್ನು ಸ್ವಲ್ಪ ಸಡಿಲಿಸಿತು. 1671ರ ಬೇಟೆ ಕಾಯ್ದೆ ಬೇರೊಂದು ಬೇಲಿ ಹಾಕಿತು: ವರ್ಷಕ್ಕೆ ನೂರು ಪೌಂಡ್ ಉತ್ಪನ್ನ ಬರುವ ಭೂಮಿಯಿದ್ದವರಿಗೆ, ಹೆಚ್ಚುಕಡಿಮೆ ಅಂಥ ಅಂತಸ್ತಿನವರಿಗೆ ಮಾತ್ರ ಬೇಟೆಯ ಯೋಗ್ಯತೆ. ಸಣ್ಣ ರೈತನ ಪೈರನ್ನು ಅವನ ಹೊಲದಲ್ಲೇ ಮೊಲ ತಿಂದರೂ ಅವನು ಅದನ್ನು ಹೊಡೆಯುವಂತಿರಲಿಲ್ಲ. ಹೊಡೆದರೆ ಕಳ್ಳಬೇಟೆಯ ಅಪರಾಧ. ಈ ಯೋಗ್ಯತೆಯ ನಿಯಮ 1831ರವರೆಗೂ ನಡೆಯಿತು. ಜರ್ಮನ್ ನಾಡುಗಳಲ್ಲಿ ಸಾಮಂತರು ರೈತರ ಹೊಲದಲ್ಲೇ ಬೇಟೆಯಾಡುತ್ತಿದ್ದ ಹಕ್ಕನ್ನು 1848ರ ಕ್ರಾಂತಿ ಕಿತ್ತುಹಾಕಿ, ಬೇಟೆಯನ್ನು ನೆಲದ ಒಡೆತನಕ್ಕೆ ಸೇರಿಸಿತು. ತುಂಡು ಜಮೀನುಗಳಲ್ಲಿ ಎಲ್ಲರೂ ಬಂದೂಕು ಹಿಡಿದರೆ ಪ್ರಾಣಿ ಉಳಿಯುವುದಿಲ್ಲವೆಂದು ಆಮೇಲೆ ಇನ್ನೊಂದು ಏರ್ಪಾಡು ಬಂತು. ಈಗಿನ ಜರ್ಮನ್ ಕಾನೂನಿನಲ್ಲಿ ಒಟ್ಟಾಗಿ 75 ಹೆಕ್ಟೇರ್ ಇದ್ದವನು ಸ್ವಂತ ಬೇಟೆ ವಲಯ ಹೊಂದಬಹುದು. ಅದಕ್ಕಿಂತ ಕಡಿಮೆ ಇದ್ದವರು ಊರಿನ ಬೇಟೆ ಸಹಕಾರ ಮಂಡಳಿಗೆ ಸೇರಿದವರೆಂದೇ ಲೆಕ್ಕ. ಮಂಡಳಿ ಬೇಟೆಯ ಹಕ್ಕನ್ನು ಗುತ್ತಿಗೆಗೆ ಕೊಟ್ಟು ಬಂದ ಹಣವನ್ನು ಹಂಚುತ್ತದೆ.

ಅಟ್ಲಾಂಟಿಕ್ ದಾಟಿ ಹೋದವರು ಇಂಗ್ಲೆಂಡಿನ ಬೇಟೆ ಕಾನೂನಿನ ಕಹಿಯನ್ನು ಮರೆತಿರಲಿಲ್ಲ. 1776ರ ಪೆನ್ಸಿಲ್ವೇನಿಯಾ ಸಂವಿಧಾನ, ತಮ್ಮ ನೆಲದಲ್ಲಿ ಮಾತ್ರವಲ್ಲದೆ ಬೇಲಿ ಹಾಕದ ಬೇರೆಯವರ ನೆಲದಲ್ಲೂ ತಕ್ಕ ಋತುವಿನಲ್ಲಿ ಬೇಟೆಯಾಡುವ ಸ್ವಾತಂತ್ರ್ಯವನ್ನು ಜನರಿಗೆ ಬರೆದುಕೊಟ್ಟಿತು. ಮರುವರ್ಷ ವರ್ಮಾಂಟ್ ಅದನ್ನೇ ಮಾಡಿತು. ಅಲ್ಲಿನ ಸಂವಿಧಾನದಲ್ಲಿ ಆ ಮಾತು ಇವತ್ತಿಗೂ ಇದೆ. ದಕ್ಷಿಣ ಕೆರೊಲೈನಾದ ನ್ಯಾಯಾಲಯ 1818ರಲ್ಲಿ ಇನ್ನೂ ಮುಂದೆ ಹೋಯಿತು. ಮಾಲೀಕ ಬೇಡವೆಂದರೂ ಬೇಲಿಯಿಲ್ಲದ ಕಾಡುನೆಲದಲ್ಲಿ ಬೇಟೆಯಾಡುವುದು ಅತಿಕ್ರಮವಲ್ಲ ಎಂಬುದು ಅದರ ತೀರ್ಪು. ಬಿಟ್ಟುಕೊಂಡ ನೆಲ ಊರಿನದು, ಬೇಲಿ ಹಾಕಿದ ಮೇಲೆ ಒಬ್ಬನದು ಎಂಬ ತಿಳಿವಳಿಕೆ ಅಂದಿನದು.

ಆ ತಿಳಿವಳಿಕೆ ಹೇಗೆ ಕರಗಿತು ಎಂಬುದನ್ನು ಬೇಟೆಯ ಇತಿಹಾಸಗಳು ಬಹಳ ಸಲ ಅವಸರದಲ್ಲಿ ದಾಟಿಬಿಡುತ್ತವೆ. 1865ರಲ್ಲಿ ಗುಲಾಮಗಿರಿ ಕೊನೆಗೊಂಡಾಗ ದಕ್ಷಿಣದ ಕಪ್ಪು ಜನರ ಕೈಯಲ್ಲಿ ಭೂಮಿ ಇರಲಿಲ್ಲ. ಆದರೆ ಕಾಡಿನಲ್ಲಿ ಬೇಟೆಯಾಡಿ, ಹೊಳೆಯಲ್ಲಿ ಮೀನು ಹಿಡಿದು, ಬಯಲಿನಲ್ಲಿ ಒಂದೆರಡು ಹಂದಿ, ಹಸು ಮೇಯಿಸಿ ಬದುಕಬಹುದಿತ್ತು. ಹಾಗೆ ಬದುಕಬಲ್ಲವನು ಹತ್ತಿ ತೋಟದ ಧಣಿ ಹೇಳಿದ ಕೂಲಿಗೆ ಒಪ್ಪಬೇಕಿಲ್ಲ. ಮುಂದಿನ ದಶಕಗಳಲ್ಲಿ ಕೌಂಟಿಯ ಮೇಲೆ ಕೌಂಟಿಯಲ್ಲಿ, ಮೊದಲು ಕಪ್ಪು ಜನ ಹೆಚ್ಚಿದ್ದ ಕಡೆಗಳಲ್ಲೇ, ಅಪ್ಪಣೆಯಿಲ್ಲದೆ ಬೇಟೆಗೆ ಬರುವುದನ್ನು ಅಪರಾಧ ಮಾಡುವ ಕಾನೂನುಗಳು ಬಂದವು. ಮೇವಿನ ಬಯಲೂ ಹೀಗೆಯೇ ಮುಚ್ಚಿತು. ಭೂಮಾಲೀಕನ ಹಕ್ಕು ಎಂಬ ಹೆಸರಿನಲ್ಲಿ ಅಲ್ಲಿ ನಡೆದದ್ದು ದುಡಿಮೆಗಾರರನ್ನು ಕಟ್ಟಿಹಾಕುವ ಕೆಲಸ. ನೆಲಕ್ಕೆ ಹಾಕಿದ ತಡೆ ಬೆಳೆಯನ್ನು ಕಾಯುತ್ತದೋ, ಬೇರೇನನ್ನೋ ಕಾಯುತ್ತದೋ ಎಂದು ಪ್ರತಿ ಸಲವೂ ಕೇಳಲೇಬೇಕು ಎನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇಷ್ಟು ಹೇಳಿದ ಮೇಲೂ, ಖಾಸಗಿ ಜಮೀನಿನಲ್ಲಿ ಮಾಲೀಕನ ಒಪ್ಪಿಗೆ ಬೇಕೆಂಬ ನಿಯಮ ಇವತ್ತಿನ ಸ್ಥಿತಿಯಲ್ಲಿ ಸರಿಯಾದದ್ದೇ. ಬಂದೂಕಿನ ಗುಂಡು ಬೇಟೆಗಾರನ ಕಣ್ಣು ಹೋಗುವುದಕ್ಕಿಂತ ದೂರ ಹೋಗುತ್ತದೆ. ಗೇಟು ತೆಗೆದವನು ಮುಚ್ಚದೆ ಹೋದರೆ ದನ ರಸ್ತೆಗೆ ಬರುತ್ತವೆ. ಮಳೆಗಾಲದಲ್ಲಿ ಟ್ರಕ್ಕು ಹಾಯ್ದ ಹುಲ್ಲುಗಾವಲಿನಲ್ಲಿ ಗಾಲಿಯ ಕೊರಕಲು ಬಹುಕಾಲ ಉಳಿಯುತ್ತದೆ. ಗಾಲಿಗೆ ಅಂಟಿ ಬಂದ ಕಳೆಬೀಜ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಇವೆಲ್ಲ ನಿಜವಾದ ನಷ್ಟಗಳು. ಅಷ್ಟೇ ಮುಖ್ಯವಾದದ್ದು ಮನಸ್ಸಾಕ್ಷಿ. ಫ್ರಾನ್ಸಿನ 1964ರ ವೆರ್ದೇಯ್ ಕಾನೂನು ಸಣ್ಣ ಹಿಡುವಳಿದಾರರ ಜಮೀನನ್ನು ಊರಿನ ಬೇಟೆ ಸಂಘಕ್ಕೆ ಕಡ್ಡಾಯವಾಗಿ ಸೇರಿಸುತ್ತಿತ್ತು. ಬೇಟೆಯೇ ತಪ್ಪೆಂದು ನಂಬಿದ ಕೆಲವು ಮಾಲೀಕರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಶಸಾನ್ಯು ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ ನ್ಯಾಯಾಲಯ 1999ರಲ್ಲಿ ಅವರ ಪರ ನಿಂತಿತು. 2012ರಲ್ಲಿ ಜರ್ಮನಿಯ ಸಹಕಾರ ಮಂಡಳಿಯ ಕಡ್ಡಾಯದ ವಿಷಯದಲ್ಲೂ ಅದೇ ಬಗೆಯ ತೀರ್ಪು ಬಂತು. ಮರುವರ್ಷ ಜರ್ಮನಿ ತನ್ನ ಕಾಯ್ದೆಗೆ ಆತ್ಮಸಾಕ್ಷಿಯ ವಿನಾಯಿತಿಯನ್ನು ಸೇರಿಸಿತು. ಒಬ್ಬನು ತನ್ನ ನೆಲದಲ್ಲಿ ಪ್ರಾಣಿಯನ್ನು ಕೊಲ್ಲಬಾರದೆಂದು ಬಯಸಿದರೆ, ಆ ಬಯಕೆಯನ್ನು ಬೇರೆಯವರ ಹವ್ಯಾಸಕ್ಕಾಗಿ ತುಳಿಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಯಾರು ಎಲ್ಲಿ ಬೇಕಾದರೂ ನಡೆಯಬಹುದೆಂಬ ರೂಢಿಯಿರುವ ಸ್ವೀಡನ್ನಿನಲ್ಲೂ ಆ ಸ್ವಾತಂತ್ರ್ಯದಲ್ಲಿ ಬೇಟೆ ಸೇರಿಲ್ಲ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ಕೊಟ್ಟ ಓಡಾಟದ ಹಕ್ಕೂ ಬೇಟೆಯನ್ನು ಹೊರಗಿಟ್ಟಿದೆ. ನಡೆಯುವುದಕ್ಕೂ ಕೊಲ್ಲುವುದಕ್ಕೂ ಇರುವ ಅಂತರವನ್ನು ಈ ದೇಶಗಳು ಸರಿಯಾಗಿಯೇ ಗುರುತಿಸಿವೆ.

ಉಳಿಯುವುದು, ಒಪ್ಪಿಗೆಯ ಭಾರವನ್ನು ಯಾರು ಹೊರಬೇಕು ಎಂಬ ಪ್ರಶ್ನೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಬೇಟೆಗಾರನೇ ಮೊದಲು ಹೋಗಿ ಕೇಳಬೇಕು. ಇನ್ನು ಕೆಲವದರಲ್ಲಿ ಬೇಡ ಎನ್ನುವ ಮಾಲೀಕ ಅದನ್ನು ನೆಲದ ಮೇಲೆ ಬರೆದು ತೋರಿಸಬೇಕು, ಬರೆಯದಿದ್ದರೆ ಒಪ್ಪಿಗೆಯಿದೆ ಎಂದರ್ಥ. ಫಲಕಗಳು ಗಾಳಿಗೆ ಹಾರುತ್ತವೆ, ಕೆಲವರು ಕಿತ್ತೂ ಹಾಕುತ್ತಾರೆ. ಅದಕ್ಕಾಗಿ ಟೆಕ್ಸಾಸ್ ಸೇರಿದಂತೆ ಹಲವು ರಾಜ್ಯಗಳು ನೇರಳೆ ಬಣ್ಣವನ್ನು ಒಪ್ಪಿಕೊಂಡಿವೆ. ಟೆಕ್ಸಾಸಿನ ಕಾನೂನು ಅದರ ಅಳತೆಯನ್ನೂ ಹೇಳುತ್ತದೆ: ಮರದ ಬೊಡ್ಡೆಗೋ ಕಂಬಕ್ಕೋ ಉದ್ದುದ್ದವಾಗಿ ಎಳೆದ ಗೆರೆ ಎಂಟು ಅಂಗುಲಕ್ಕೆ ಕಡಿಮೆಯಿಲ್ಲದ ಉದ್ದ, ಒಂದು ಅಂಗುಲಕ್ಕೆ ಕಡಿಮೆಯಿಲ್ಲದ ಅಗಲ ಇರಬೇಕು, ನೆಲದಿಂದ ಮೂರರಿಂದ ಐದು ಅಡಿ ಎತ್ತರದಲ್ಲಿರಬೇಕು, ಕಾಡಿನಲ್ಲಿ ನೂರು ಅಡಿಗೊಂದು, ಬಯಲಿನಲ್ಲಿ ಸಾವಿರ ಅಡಿಗೊಂದು. ಆ ಗೆರೆ ಕಂಡವನು ಒಳಗೆ ಬಂದರೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ಎರಡು ಪದ್ಧತಿಗಳಲ್ಲಿ ಕೇಳಿ ಬರುವ ಪದ್ಧತಿಯೇ ಮೇಲು. ನೂರಾರು ಎಕರೆಯ ಅಂಚಿಗೆಲ್ಲ ಬಣ್ಣ ಬಳಿಯಲು ಸಣ್ಣ ರೈತನಿಗೆ ದಿನಗಟ್ಟಲೆ ಬೇಕು, ಮನೆಬಾಗಿಲಿಗೆ ಬಂದು ಕೇಳಲು ಬೇಟೆಗಾರನಿಗೆ ಒಂದು ಸಂಜೆ ಸಾಕು. ಕೇಳಿದವನ ಮುಖ, ಹೆಸರು ಗೊತ್ತಿದ್ದರೆ ಮುಂದಿನ ಜಗಳಗಳೂ ಕಡಿಮೆ.

ಎರಡನೆಯ ಪ್ರಶ್ನೆಯ ಬೇರು ಇರುವುದು ರೈಲಿನಲ್ಲಿ. 1862ರ ಪೆಸಿಫಿಕ್ ರೈಲ್ವೆ ಕಾಯ್ದೆ, ಖಂಡದ ಆಚೆಗೆ ಹಳಿ ಹಾಕುವ ಕಂಪನಿಗಳಿಗೆ ಹಣದ ಜೊತೆ ಭೂಮಿಯನ್ನೂ ಕೊಟ್ಟಿತು. ಹಳಿಯ ಎರಡೂ ಬದಿಯ ನೆಲವನ್ನು ಒಂದೊಂದು ಚದರ ಮೈಲಿಯ, ಅಂದರೆ 640 ಎಕರೆಯ ತುಂಡುಗಳಾಗಿ ಅಳೆದು, ಬೆಸ ಸಂಖ್ಯೆಯವನ್ನು ಕಂಪನಿಗೆ ಕೊಟ್ಟು ಸಮ ಸಂಖ್ಯೆಯವನ್ನು ಸರ್ಕಾರ ಇಟ್ಟುಕೊಂಡಿತು. ಎರಡು ವರ್ಷದ ಮೇಲೆ ಈ ದಾನ ಇಮ್ಮಡಿಯಾಗಿ, ಹಳಿಯಿಂದ ಇಪ್ಪತ್ತು ಮೈಲಿ ದೂರದವರೆಗೂ ಹರಡಿತು. ರೈಲು ಬಂದ ಮೇಲೆ ಬೆಲೆ ಏರಿ ತನ್ನ ಪಾಲೂ ಮಾರಿಹೋಗುತ್ತದೆ ಎಂಬುದು ಸರ್ಕಾರದ ಲೆಕ್ಕಾಚಾರ. ವ್ಯೋಮಿಂಗ್‌ನಂಥ ಒಣ ಸೀಮೆಯಲ್ಲಿ 640 ಎಕರೆಯಿಂದ ಒಂದು ಸಂಸಾರ ಬದುಕಲಾರದು, ಹಾಗಾಗಿ ಕೊಳ್ಳುವವರು ಬರಲಿಲ್ಲ. ಕಂಪನಿಯ ತುಂಡುಗಳು ದನ, ಕುರಿ ಸಾಕುವವರ ಕೈಗೆ ಹೋದವು. ಸರ್ಕಾರದವು ಸರ್ಕಾರದಲ್ಲೇ ಉಳಿದವು. ಹೀಗೆ ಚದುರಂಗದ ಮಣೆಯ ಕಪ್ಪು ಮನೆ ಒಬ್ಬನದು, ಬಿಳಿ ಮನೆ ಎಲ್ಲರದು ಎಂಬಂತೆ ದಕ್ಷಿಣ ವ್ಯೋಮಿಂಗ್ ಹಂಚಿಹೋಯಿತು. ಬಿಳಿಯಿಂದ ಬಿಳಿಗೆ ಹೋಗಬೇಕಾದರೆ ಓರೆಯಾಗಿ, ನಾಲ್ಕು ಮನೆಗಳು ಕೂಡುವ ಬಿಂದುವಿನ ಮೇಲೇ ಹಾಯಬೇಕು.

ಬಿಂದುವಿಗೆ ಅಗಲವಿಲ್ಲ, ಮನುಷ್ಯನ ಭುಜಕ್ಕಿದೆ. ಒಂದು ಸರ್ಕಾರಿ ತುಂಡಿನಿಂದ ಇನ್ನೊಂದಕ್ಕೆ ಕಾಲಿಟ್ಟವನು ಖಾಸಗಿ ನೆಲವನ್ನು ಮುಟ್ಟದಿದ್ದರೂ ಅವನ ಮೈ ಖಾಸಗಿ ನೆಲದ ಮೇಲಿನ ಗಾಳಿಯನ್ನು ಕ್ಷಣಕಾಲ ಹಾದೇ ಹೋಗುತ್ತದೆ. ನೆಲದ ಒಡೆಯ ಅದರ ಮೇಲಿನ ಆಕಾಶಕ್ಕೂ ಒಡೆಯನೆಂಬ ಹಳೆಯ ಸೂತ್ರವನ್ನು ಹಿಡಿದರೆ ಇದೂ ಅತಿಕ್ರಮ. ಇಷ್ಟೇ ಒಂದು ಎಳೆಯ ಮೇಲೆ ಅಮೆರಿಕದ ಪಶ್ಚಿಮದಲ್ಲಿ ಸುಮಾರು 83 ಲಕ್ಷ ಎಕರೆ ಸಾರ್ವಜನಿಕ ಭೂಮಿ ಮೂಲೆಗಳ ಹಿಂದೆ ಬೀಗ ಹಾಕಿಕೊಂಡು ಕೂತಿದೆ ಎಂದು ಬೇಟೆಗಾರರು ಬಳಸುವ ನಕ್ಷೆಗಳನ್ನು ತಯಾರಿಸುವ ಓನ್‌ಎಕ್ಸ್ ಕಂಪನಿ 2022ರಲ್ಲಿ ಲೆಕ್ಕ ಹಾಕಿತು.

ಮೂಲೆ ದಾಟುವ ವಿಷಯ ನ್ಯಾಯಾಲಯದ ಮುಂದೆ ಸ್ಪಷ್ಟವಾಗಿ ಬಂದದ್ದು ವ್ಯೋಮಿಂಗ್‌ನ ಕಾರ್ಬನ್ ಕೌಂಟಿಯ ಎಲ್ಕ್ ಮೌಂಟನ್ ರಾಂಚ್‌ನಿಂದ. ಸುಮಾರು 22,000 ಎಕರೆಯ ಆ ರಾಂಚ್ ಹೊರರಾಜ್ಯದ ಉದ್ಯಮಿಯೊಬ್ಬರದು. ಅದರ ತುಂಡುಗಳ ನಡುವೆ ಸಾವಿರಾರು ಎಕರೆ ಸರ್ಕಾರಿ ಭೂಮಿ ಸಿಕ್ಕಿಕೊಂಡಿದೆ. ಕಡವೆಯನ್ನು ಹೋಲುವ ಎಲ್ಕ್ ಎಂಬ ದೊಡ್ಡ ಮೃಗಕ್ಕೆ ಆ ಬೆಟ್ಟ ಹೆಸರಾದದ್ದು. 2020ರಲ್ಲಿ ಮಿಸೌರಿ ರಾಜ್ಯದಿಂದ ಬಂದ ಬೇಟೆಗಾರರು ಒಂದು ಮೂಲೆಯನ್ನು ತಲುಪಿದಾಗ ಅಲ್ಲಿ ಎರಡು ಉಕ್ಕಿನ ಗೂಟಗಳು, ಅವಕ್ಕೆ ಬಿಗಿದ ಸರಪಳಿ, ಒಳಗೆ ಬರಬಾರದೆಂಬ ಫಲಕ ಇದ್ದವು. ಸುತ್ತ ಎಲ್ಲೂ ಬೇಲಿಯಿಲ್ಲ. ಗೂಟ ಹಿಡಿದು ಮೈತಿರುಗಿಸಿ ಅವರು ಆಚೆಗೆ ಹೋದರು. ಮರುವರ್ಷ ಬಂದಾಗ ಗೂಟವನ್ನೂ ಮುಟ್ಟಬಾರದೆಂದು ಉಕ್ಕಿನ ಏಣಿಯೊಂದನ್ನು ಮಾಡಿಸಿ ತಂದಿದ್ದರು. ಗೂಟಗಳ ಮೇಲೆ ಎರಡೂ ಕಡೆ ಕಾಲು ಚಾಚಿ ನಿಲ್ಲುವ ಏಣಿ ಅದು. ಈಚೆ ಹತ್ತಿ ಆಚೆ ಇಳಿದರೆ ಎರಡು ಬದಿಯೂ ಸರ್ಕಾರಿ ನೆಲ.

ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. 2022ರಲ್ಲಿ ಸ್ಥಳೀಯ ಜ್ಯೂರಿ ಅವರನ್ನು ಬಿಟ್ಟಿತು. ಮಾಲೀಕರ ಕಂಪನಿ ಸಿವಿಲ್ ದಾವೆಯನ್ನೂ ಹಾಕಿ, ಮೂಲೆ ದಾಟಲು ಬಿಟ್ಟರೆ ರಾಂಚ್‌ನ ಬೆಲೆ ಕುಸಿಯುತ್ತದೆಂದು ಒಂದು ಹಂತದಲ್ಲಿ 70 ಲಕ್ಷ ಡಾಲರಿಗೂ ಮಿಕ್ಕಿದ ನಷ್ಟವನ್ನು ಮುಂದಿಟ್ಟಿತು. 2023ರಲ್ಲಿ ಜಿಲ್ಲಾ ನ್ಯಾಯಾಲಯ, 2025ರ ಮಾರ್ಚ್‌ನಲ್ಲಿ ಹತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರ ತೀರ್ಪು ಕೊಟ್ಟವು. ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ತೀರ್ಪಿನ ಆಧಾರ 1885ರ ಕಾಯ್ದೆ. ಆ ಕಾಲದ ದೊಡ್ಡ ದನಗಾರರು ಸರ್ಕಾರಿ ಬಯಲನ್ನೇ ಬೇಲಿಯೊಳಗೆ ಸೇರಿಸಿಕೊಂಡು, ಮನೆ ಕಟ್ಟಲು ಬಂದವರನ್ನು ಓಡಿಸುತ್ತಿದ್ದರು. ಅದನ್ನು ತಡೆಯಲು ಬಂದ ಕಾಯ್ದೆ ಅದು. ಕೊಲೊರಾಡೊದಲ್ಲಿ ಕೆಲವರು ಜಾಣತನದಿಂದ ಬೇಲಿಯನ್ನೆಲ್ಲ ತಮ್ಮ ಬೆಸ ತುಂಡುಗಳ ಮೇಲೇ ಎಬ್ಬಿಸಿ ಸುಮಾರು 20,000 ಎಕರೆ ಸರ್ಕಾರಿ ನೆಲವನ್ನು ಸುತ್ತುವರಿದಾಗ, 1897ರ ಕ್ಯಾಮ್‌ಫೀಲ್ಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಜಾಣತನವನ್ನು ಒಪ್ಪಲಿಲ್ಲ. ದಕ್ಷಿಣ ವ್ಯೋಮಿಂಗ್‌ನಲ್ಲಿ 28 ಮೈಲಿಯ ಬೇಲಿಯೊಂದು ಪ್ರಾಂಗ್‌ಹಾರ್ನ್ ಮೃಗಗಳನ್ನು ಚಳಿಗಾಲದ ಮೇವಿನಿಂದ ತಡೆದಾಗಲೂ ಇದೇ ಕಾಯ್ದೆಯ ಮೇಲೆ 1988ರಲ್ಲಿ ದಾರಿ ಬಿಡಿಸಲಾಯಿತು. ಮೃಗಕ್ಕೆ ಸಿಕ್ಕ ದಾರಿ ಮನುಷ್ಯನಿಗೆ ಸಿಗಲು ಇನ್ನೂ ಮೂವತ್ತೇಳು ವರ್ಷ ಬೇಕಾದವು.

ತೀರ್ಪು ನ್ಯಾಯವಾದದ್ದೇ ಎಂಬುದನ್ನು ಕಾಯ್ದೆಯ ಹೊರಗೂ ತೋರಿಸಬಹುದು. ಬೇರೆಯವರನ್ನು ದೂರವಿಡುವ ಹಕ್ಕು ಮಾಲೀಕನಿಗೆ ಯಾಕೆ ಇದೆ ಎಂದು ಮೊದಲು ಕೇಳಬೇಕು. ಬೆಳೆ, ದನ, ಮನೆಯ ನೆಮ್ಮದಿ, ಗುಂಡಿನ ಭಯ, ತನ್ನ ನೆಲದಲ್ಲಿ ಏನು ನಡೆಯಬೇಕೆಂಬ ತೀರ್ಮಾನ: ಖಾಸಗಿ ಜಮೀನಿನ ವಿಷಯದಲ್ಲಿ ಇವೆಲ್ಲ ತೂಕದ ಕಾರಣಗಳು. ಇವನ್ನೇ ಒಂದೊಂದಾಗಿ ಆ ಮೂಲೆಗೆ ತಂದು ನೋಡಿದರೆ ಒಂದೂ ನಿಲ್ಲುವುದಿಲ್ಲ. ಏಣಿಯಿಂದ ಇಳಿದವನು ಮಾಲೀಕನ ಒಂದು ಹುಲ್ಲುಕಡ್ಡಿಯನ್ನೂ ತುಳಿದಿಲ್ಲ. ಉಳಿಯುವುದು ಒಂದೇ, ಬೆಲೆ ಕುಸಿಯುತ್ತದೆ ಎಂಬ ವಾದ. ಅದು ಸುಳ್ಳಲ್ಲ; ಸುತ್ತಲಿನ ಸರ್ಕಾರಿ ಬೆಟ್ಟದಲ್ಲಿ ತಾನೊಬ್ಬನೇ ಬೇಟೆಯಾಡಬಹುದಾದರೆ ರಾಂಚ್‌ಗೆ ಹೆಚ್ಚು ಬೆಲೆ ಬರುವುದು ಸಹಜ. ಆದರೆ ಆ ಹೆಚ್ಚಿನ ಬೆಲೆ ಯಾವ ನೆಲದ್ದು? ಮಾಲೀಕ ಕೊಳ್ಳದ, ತೆರಿಗೆ ಕಟ್ಟದ, ಎಲ್ಲರ ಹೆಸರಿನಲ್ಲಿರುವ ನೆಲದ್ದು. ಕೊಂಡದ್ದಕ್ಕಿಂತ ಹೆಚ್ಚಾಗಿ ಅನುಭವಿಸುತ್ತಿದ್ದದ್ದು ತಪ್ಪಿಹೋದರೆ ಅದನ್ನು ನಷ್ಟವೆಂದು ಕರೆಯಲಾಗದು.

ಆಸ್ತಿಯ ಹಕ್ಕನ್ನು ಬಲವಾಗಿ ಎತ್ತಿ ಹಿಡಿದ ಜಾನ್ ಲಾಕ್‌ನ ತತ್ವದಿಂದಲೂ ಮಾಲೀಕನಿಗೆ ಇಲ್ಲಿ ಸಹಾಯ ಸಿಗುವುದಿಲ್ಲ. ದುಡಿಮೆ ಬೆರೆತದ್ದು ದುಡಿದವನದಾಗುತ್ತದೆ ಎಂಬುದು 1689ರಲ್ಲಿ ಪ್ರಕಟವಾದ ಅವನ ಗ್ರಂಥದ ವಾದ. ಜಿಂಕೆ ಅದನ್ನು ಕೊಂದ ಮೂಲನಿವಾಸಿಯದು ಎಂಬ ಉದಾಹರಣೆಯನ್ನು ಅವನೇ ಕೊಡುತ್ತಾನೆ. ಸುತ್ತಲಿನ ತುಂಡುಗಳಲ್ಲಿ ದುಡಿದದ್ದು ನಡುವಿನ ತುಂಡಿನ ಮೇಲೆ ಹಕ್ಕು ತರುವುದಿಲ್ಲ. ಗೂಟ ನೆಟ್ಟು ಸರಪಳಿ ಬಿಗಿದದ್ದಂತೂ ಲಾಕ್ ಹೇಳಿದ ದುಡಿಮೆಯಲ್ಲ.

ಮಾಲೀಕರ ಕಡೆಯ ಗಟ್ಟಿಯಾದ ದೂರು ಬೇರೆಯೇ ಇದೆ. ಎಲ್ಲರದೆಂಬ ಎಲ್ಕ್ ಚಳಿಗಾಲದಲ್ಲಿ ಇಳಿದು ಬರುವುದು ಖಾಸಗಿ ಹುಲ್ಲುಗಾವಲಿಗೆ. ದನಕ್ಕೆಂದು ಒಟ್ಟಿದ ಬಣವೆಯನ್ನು ತಿನ್ನುವುದು, ಬೇಲಿ ಮುರಿಯುವುದು ಅದೇ. ಪ್ರಾಣಿಯ ಒಡೆತನ ಸಮಾಜದ್ದು, ಮೇವಿನ ಖರ್ಚು ಒಬ್ಬನದು. ಇದು ಅನ್ಯಾಯವೇ. ವ್ಯೋಮಿಂಗ್ ಕಾನೂನು ಇದಕ್ಕೆ ಕಂಡುಕೊಂಡ ದಾರಿಯಲ್ಲಿ ವಿವೇಕವಿದೆ: ದೊಡ್ಡ ಬೇಟೆಪ್ರಾಣಿಗಳು ಮಾಡಿದ ಹಾನಿಗೆ ರಾಜ್ಯ ಪರಿಹಾರ ಕೊಡುತ್ತದೆ, ಬೇಟೆಯ ಋತುವಿನಲ್ಲಿ ತನ್ನ ಜಮೀನಿನಲ್ಲಿ ಬೇಟೆಗೆ ಅವಕಾಶ ಕೊಡದವನಿಗೆ ಮಾತ್ರ ಇಲ್ಲ. ಬಾಗಿಲು ಮುಚ್ಚುವ ಸ್ವಾತಂತ್ರ್ಯ ಅವನಿಗಿದೆ, ಮುಚ್ಚಿದ ಬಾಗಿಲಿನ ಹಿಂದೆ ಹೆಚ್ಚಿದ ಹಿಂಡಿನ ಖರ್ಚನ್ನು ಇತರರು ಹೊರಬೇಕಿಲ್ಲ. ಗುಂಡಿನ ಸದ್ದು ಶುರುವಾದ ಕೂಡಲೇ ಎಲ್ಕ್‌ಗಳು ಬೇಟೆಯಿಲ್ಲದ ರಾಂಚ್‌ಗಳಿಗೆ ಸರಿದು, ಋತು ಮುಗಿಯುವವರೆಗೂ ಅಲ್ಲೇ ನಿಲ್ಲುವುದನ್ನು ಪಶ್ಚಿಮದ ವನ್ಯಜೀವಿ ಅಧಿಕಾರಿಗಳು ಬಲ್ಲರು. ಅಂಥ ಕಡೆ ಹಿಂಡಿನ ಸಂಖ್ಯೆಯನ್ನು ಹಿಡಿತದಲ್ಲಿಡುವುದು ಯಾವ ಇಲಾಖೆಗೂ ಕಷ್ಟ.

ಕನ್ನಡದ ಓದುಗರಿಗೆ ಇವೆಲ್ಲಕ್ಕಿಂತ ಮೊದಲು ಏಳುವ ಪ್ರಶ್ನೆ ಇನ್ನೊಂದಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, 1991ರ ತಿದ್ದುಪಡಿಯೊಂದಿಗೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ಬೇಟೆಯಾಡುವ ಪದ್ಧತಿಯೇ ಕೊನೆಯಾಯಿತು. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಯ ಮೊದಲ ತಾಣಗಳಲ್ಲಿ ಒಂದಾಯಿತು. ಶಿಕಾರಿಯ ಕಥೆಗಳನ್ನು ಓದಿ ಬೆಳೆದ ನಾಡೇ ಶಿಕಾರಿಯನ್ನು ಬಿಟ್ಟಿತು. ಮೋಜಿಗೆ ಕೊಲ್ಲುವುದೇ ತಪ್ಪಾಗಿರುವಾಗ ಕೊಲ್ಲಲು ಹೋಗುವವನ ದಾರಿಯ ಬಗ್ಗೆ ಇಷ್ಟು ಕಾಳಜಿ ಯಾಕೆ ಎಂದು ಇಲ್ಲಿಯವರು ಕೇಳಿದರೆ ಅದು ಬದಿಗೆ ಸರಿಸುವಂಥ ಪ್ರಶ್ನೆಯಲ್ಲ.

ಬೇಟೆ ಇರಬೇಕೋ ಬೇಡವೋ ಎಂಬುದನ್ನು ಶಾಸನಸಭೆ ಎಲ್ಲರಿಗೂ ಒಂದೇ ರೀತಿಯಲ್ಲಿ ತೀರ್ಮಾನಿಸಬೇಕು. ಭಾರತ ಹಾಗೆಯೇ ತೀರ್ಮಾನಿಸಿತು. ಗೂಟ, ಸರಪಳಿಗಳಿಂದ ಬೇಟೆ ನಿಲ್ಲುವುದಿಲ್ಲ. ಅದು ಭೂಮಿಯುಳ್ಳವನ, ಅವನ ಅತಿಥಿಗಳ, ಅವನಿಗೆ ಗುತ್ತಿಗೆ ಹಣ ಕೊಡಬಲ್ಲವರ ಪಾಲಾಗುತ್ತದೆ. ಶೇಕಡಾ 90ಕ್ಕೂ ಹೆಚ್ಚು ಭೂಮಿ ಖಾಸಗಿಯಾಗಿರುವ ಟೆಕ್ಸಾಸಿನಲ್ಲಿ ಬಹುಪಾಲು ಬೇಟೆ ನಡೆಯುವುದು ಹೀಗೆ ಹಣ ಕೊಟ್ಟೇ. ಸಾಯುವ ಪ್ರಾಣಿಗೆ ಇದರಿಂದ ಉಪಕಾರವಿಲ್ಲ. ಇಂಗ್ಲೆಂಡಿನ 1671ರ ಕಾಯ್ದೆ ಹೇಳಿದ ಯೋಗ್ಯತೆಯೇ ಇಲ್ಲಿ ಹಣದ ರೂಪದಲ್ಲಿ ತಿರುಗಿ ಬರುತ್ತದೆ. ಮೇಲಾಗಿ ಆ ಮೂಲೆಯನ್ನು ದಾಟಲು ಬೇಕಾದವನು ಬೇಟೆಗಾರನೊಬ್ಬನೇ ಅಲ್ಲ. ಹಕ್ಕಿ ನೋಡುವವನಿಗೂ, ಬೆಟ್ಟ ಹತ್ತುವವನಿಗೂ, ಗಿಡದ ಮಾದರಿ ಹುಡುಕುವ ವಿದ್ಯಾರ್ಥಿಗೂ ಅದೇ ಸರಪಳಿ ಅಡ್ಡ. ಸಾರ್ವಜನಿಕ ನೆಲದಲ್ಲಿ ಏನು ಮಾಡಬಹುದು ಎಂಬುದನ್ನು ಸಾರ್ವಜನಿಕ ಕಾನೂನು ಹೇಳಲಿ. ಯಾರು ಅಲ್ಲಿಗೆ ಹೋಗಬಹುದು ಎಂಬುದನ್ನು ಪಕ್ಕದ ಜಮೀನಿನವನು ಹೇಳುವುದು ಬೇಡ. ಬೇಟೆಯನ್ನು ಒಪ್ಪದವನೂ ಇಷ್ಟನ್ನು ಒಪ್ಪಬಹುದು.

ಎಲ್ಲರ ನೆಲ ಎಂಬ ಮಾತಿನಲ್ಲಿ ಇನ್ನೊಂದು ಬಾಕಿಯೂ ಉಳಿದಿದೆ. ರೈಲ್ವೆಗೆ ದಾನ ಮಾಡಿದ ಭೂಮಿ ಸರ್ಕಾರದ್ದಾಗುವ ಮೊದಲು ಮೂಲನಿವಾಸಿಗಳದಾಗಿತ್ತು. ಕ್ರೋ ಜನಾಂಗ 1868ರ ಒಪ್ಪಂದದಲ್ಲಿ ಅಪಾರ ಭೂಮಿಯನ್ನು ಬಿಟ್ಟುಕೊಡುವಾಗ, ಜನವಸತಿಯಾಗದ ಸರ್ಕಾರಿ ಭೂಮಿಯಲ್ಲಿ ಬೇಟೆಯಾಡುವ ಹಕ್ಕನ್ನು ಉಳಿಸಿಕೊಂಡಿತ್ತು. 1890ರಲ್ಲಿ ವ್ಯೋಮಿಂಗ್ ರಾಜ್ಯವಾದ ಕೂಡಲೇ ಆ ಹಕ್ಕು ಹೋಯಿತೆಂದು ರಾಜ್ಯ ವಾದಿಸಿತು. 2019ರ ಹೆರೇರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಹಕ್ಕು ಹೋಗಿಲ್ಲವೆಂದಿತು. ಹವ್ಯಾಸಿ ಬೇಟೆಗಾರನ ದಾರಿ ಪೌರತ್ವದಿಂದ ಬಂದದ್ದು. ಕ್ರೋ ಜನರದು ಬೆಲೆ ತೆತ್ತು ಕೊಂಡಂಥ ಮಾತು. ಎರಡೂ ಎದುರುಬದುರಾದ ಕಡೆ ಹಳೆಯ ಮಾತೇ ಮುಂದಿರಬೇಕು.

2025ರ ತೀರ್ಪು ಎಲ್ಲವನ್ನೂ ಬಗೆಹರಿಸಿಲ್ಲ. ಅದು ನಡೆಯುವುದು ಹತ್ತನೆಯ ವಲಯದ ಆರು ರಾಜ್ಯಗಳಲ್ಲಿ ಮಾತ್ರ, ಮೊಂಟಾನಾ ಅದರೊಳಗಿಲ್ಲ. ಮೂಲೆಯೂ ಕೂಡದೆ, ಸುತ್ತಲೂ ಖಾಸಗಿ ನೆಲವೇ ಇರುವ ಸರ್ಕಾರಿ ತುಂಡುಗಳಿಗೆ ಅದರಿಂದ ಏನೂ ಸಿಗುವುದಿಲ್ಲ. ಸೆಮಿನೋ ಜಲಾಶಯಕ್ಕೆ ಮೀನುಗಾರರೂ ಬೇಟೆಗಾರರೂ ಹೋಗಲೆಂದು ಸರ್ಕಾರ ಲಿಯೋ ಶೀಪ್ ಕಂಪನಿಯ ಜಮೀನಿನ ಮೇಲೆ ಮಣ್ಣಿನ ರಸ್ತೆ ಮಾಡಿದಾಗ, 1979ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಪ್ಪೆಂದಿತು. 1862ರಲ್ಲಿ ದಾರಿಯನ್ನು ಉಳಿಸಿಕೊಳ್ಳದೆ ಕೊಟ್ಟ ಸರ್ಕಾರ ಈಗ ಪುಕ್ಕಟೆ ಕೇಳುವಂತಿಲ್ಲ, ಬೇಕಿದ್ದರೆ ಪರಿಹಾರ ಕೊಟ್ಟು ಪಡೆಯಲಿ ಎಂಬುದು ಅದರ ಸಾರ. ಈ ತೀರ್ಪಿಗೂ ಎಲ್ಕ್ ಮೌಂಟನ್ ತೀರ್ಪಿಗೂ ವಿರೋಧವಿಲ್ಲ. ಅಲ್ಲಿ ಖಾಸಗಿ ನೆಲದ ಮೇಲೆ ರಸ್ತೆ ಬಿದ್ದಿತ್ತು, ಇಲ್ಲಿ ಕಾಲೂ ಬೀಳಲಿಲ್ಲ.

ಹಾಗಾಗಿ ಮುಂದಿನ ಕೆಲಸ ಹೆಚ್ಚಾಗಿ ಕೊಡುಕೊಳ್ಳುವಿಕೆಯದು. ಮೊಂಟಾನಾ 1985ರಿಂದ ನಡೆಸುತ್ತಿರುವ ಯೋಜನೆಯಲ್ಲಿ ಒಪ್ಪಿದ ಮಾಲೀಕರ ಜಮೀನನ್ನು ಬೇಟೆಗಾರರಿಗೆ ಉಚಿತವಾಗಿ ತೆರೆದು, ಬಂದವರ ಸಂಖ್ಯೆಗೆ ತಕ್ಕಂತೆ ರಾಜ್ಯ ಹಣ ಕೊಡುತ್ತದೆ. ಕೆಲವು ಕಡೆ ಜಮೀನಿನ ಅಂಚಿನ ಪೆಟ್ಟಿಗೆಯಲ್ಲಿಟ್ಟ ಚೀಟಿಯಲ್ಲಿ ಹೆಸರು ಬರೆದು ಒಳಗೆ ಹೋಗುವುದಷ್ಟೇ. ಬಂದವನಿಗೆ ಗಾಯವಾದರೆ ಮಾಲೀಕ ಹೊಣೆಯಾಗದಂತೆ ರಾಜ್ಯಗಳ ಕಾನೂನುಗಳು ರಕ್ಷಣೆ ಕೊಡುತ್ತವೆ. ಒಪ್ಪಿಗೆ ಕೊಡಲು ಹಿಂಜರಿಯುವವರ ದೊಡ್ಡ ಭಯವೇ ಅದು. ದಾರಿಯ ಹಕ್ಕನ್ನು ಮಾರಲು ಒಪ್ಪುವ ಮಾಲೀಕರಿಂದ ಅದನ್ನು ಕೊಳ್ಳಲು ಒಕ್ಕೂಟ ಸರ್ಕಾರದ ಭೂ ಮತ್ತು ಜಲ ಸಂರಕ್ಷಣಾ ನಿಧಿಯಿದೆ. 2019ರ ಕಾಯ್ದೆ ಆ ನಿಧಿಯಲ್ಲಿ ಪ್ರತಿವರ್ಷ ಶೇಕಡಾ 3 ಅಥವಾ ಒಂದೂವರೆ ಕೋಟಿ ಡಾಲರ್, ಯಾವುದು ಹೆಚ್ಚೋ ಅದನ್ನು, ಇಂಥ ಪ್ರವೇಶಕ್ಕೆಂದೇ ತೆಗೆದಿಡಿಸಿತು. ಸರ್ಕಾರದ ಹೆಸರಿನಲ್ಲಿ ಈಗಾಗಲೇ ಇರುವ ದಾರಿಯ ಹಕ್ಕುಗಳು ಎಷ್ಟೋ ಕಾಲದಿಂದ ಕಚೇರಿಗಳ ಕಾಗದದ ಕಡತಗಳಲ್ಲೇ ಉಳಿದಿದ್ದವು. ಅವನ್ನು ಎಲ್ಲರಿಗೂ ಕಾಣುವ ಡಿಜಿಟಲ್ ನಕ್ಷೆಗೆ ಏರಿಸಬೇಕೆಂದು 2022ರ ಇನ್ನೊಂದು ಕಾಯ್ದೆ ಇಲಾಖೆಗಳಿಗೆ ಹೇಳಿದೆ. ಹೊಸ ದಾರಿ ಕೊಳ್ಳುವ ಮೊದಲು ಮುಗಿಸಬೇಕಾದ ಕೆಲಸ ಅದು.